ಮರಳಿ ಬಂದ ಏಣಿ

ನಿನ್ನನ್ನು ಮಣ್ಣಿಗಿಟ್ಟ ಒಂಬತ್ತನೆಯ ದಿನ
ಏಣಿ ವಾಪಸು ಬಂತು.
ವಾಂಬೊಲ ಹೆಗಲ ಮೇಲೆ ಹೊತ್ತು ತಂದ,
ಜುನಿಪರ್ ಬೇಲಿಗೆ ಒರಗಿಸಿ ಟೊಪ್ಪಿ ತೆಗೆದ.
"ಇಲ್ಮಾರ್‌ದು. ಹನ್ನೊಂದು ವರ್ಷವಾಯಿತು, ಸಾಲ್ಮೆ."

ಹನ್ನೊಂದು ವರ್ಷ!
ಅಷ್ಟೂ ಶರತ್ಕಾಲ ನಾನು
ಕುರ್ಚಿಯ ಮೇಲೆ ಕುರ್ಚಿ ಇಟ್ಟು ಸೇಬು ಕಿತ್ತವಳು.
ಏಣಿ ಎಲ್ಲಿ ಎಂದು ಕೇಳಿದರೆ
"ಇದೆ, ಎಲ್ಲೋ ಇದೆ" ಎನ್ನುತ್ತಿದ್ದೆ ನೀನು,
ದೇವರ ವಿಷಯ ಹೇಳುವವನ ಹಾಗೆ.

ಆಮೇಲೆ ಒಂದೊಂದಾಗಿ ಬಂದವು.
ಹೆಲ್ಯು ತಂದಳು ಮೀನು ಹೊಗೆಯಾಡಿಸುವ ತಗಡಿನ ಡಬ್ಬ.
ಬಂದರಿನ ಹುಡುಗ ತಂದ ಮಂಜುಗಡ್ಡೆ ಕೊರೆವ ಬೈರಿಗೆ.
ದೀಪಸ್ತಂಭದವನ ಹೆಂಡತಿ
ಒದ್ದು ದೂಡುವ ಹಿಮಬಂಡಿ ತಂದಳು, ಅದರ ಕಾಲಿಗೆ ಹೊಸ ಕಬ್ಬಿಣ.
ಮತ್ತೆ ಒಬ್ಬ, ಮುಖ ಪರಿಚಯವೂ ಇಲ್ಲದವನು,
ಆಚೆ ದಡದಿಂದ ಹಡಗು ಹತ್ತಿ
ಹೀಯುಮಾಕ್ಕೆ ಬಂದ
ಒಂದೇ ಒಂದು ಸ್ಪ್ಯಾನರ್ ಹಿಡಿದು.
ಹದಿನೇಳನೆಯ ನಂಬರಿನದು, ಪತ್ರಿಕೆಯಲ್ಲಿ ಸುತ್ತಿತ್ತು.
"ಎಪ್ಪತ್ತೆಂಟರಲ್ಲಿ ಹೆಪ್ಪುಗಟ್ಟಿದ ಕಡಲಿನ ಮೇಲೆ
ನಮ್ಮಪ್ಪನ ಲಾರಿ ನಿಂತಿತ್ತಂತೆ."
ಅಷ್ಟೇ ಹೇಳಿದ. ನಾನು ಕಾಫಿ ಕೊಟ್ಟೆ.
ಅವನು ಹೋದ ಮೇಲೆ ನಿನ್ನ ಪೆಟ್ಟಿಗೆ ತೆರೆದು ನೋಡಿದೆ:
ಹದಿನಾರಕ್ಕೂ ಹದಿನೆಂಟಕ್ಕೂ ನಡುವೆ
ಬಿದ್ದ ಹಲ್ಲಿನ ಜಾಗ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ.
ಬಲೆ ಎಳೆವ ಯಂತ್ರಕ್ಕೆ ಎರಡು ಬೆರಳು ಕೊಟ್ಟ
ನಿನ್ನ ಎಡಗೈಗೆ ಏನು ತಿಳಿದಿತ್ತೋ.
ನನಗಂತೂ ತಿಳಿಯುತ್ತಿತ್ತು,
ಬೇಕಾದ ಹೊತ್ತಿಗೆ ಬೇಕಾದದ್ದು
ಮನೆಯಲ್ಲಿ ಇಲ್ಲದಾಗ.

ನೀನೇನು ಸಂತನಲ್ಲ, ಬಿಡು.
ನನ್ನ ಕಂದು ಕೋಟನ್ನೂ ಕೊಟ್ಟವನು ನೀನು,
ಮೀನುಗಾರರ ಸಂಘದ ಕ್ಯಾಂಟೀನಿನ ಆ ಬಸುರಿ ಹುಡುಗಿಗೆ,
ನನ್ನನ್ನೊಂದು ಮಾತು ಕೇಳದೆ, ಜನವರಿಯಲ್ಲಿ.
ಮೂರು ದಿನ ನಾನು ಮಾತು ಬಿಟ್ಟೆ.
ನಾಲ್ಕನೆಯ ಬೆಳಿಗ್ಗೆ ನನ್ನ ತಟ್ಟೆಯಲ್ಲಿ
ಕಪ್ಪು ರೊಟ್ಟಿ, ಅದರ ಮೇಲೆ ಸಾಲಾಗಿ ಪುಟ್ಟ ಮೀನುಗಳು,
ಒಂದೊಂದರ ಮುಳ್ಳೂ ತೆಗೆದಿತ್ತು.
ಕ್ಷಮೆ ಕೇಳಲು ನಿನಗೆ ಬರುತ್ತಿರಲಿಲ್ಲ.
ಮುಳ್ಳು ತೆಗೆಯಲು ಬರುತ್ತಿತ್ತು,
ಮೂರೇ ಬೆರಳಿನಲ್ಲಿ ಹಿಡಿದು.

ಕೊಡುವಾಗ ನೀನು ಬೇರೆಲ್ಲೋ ನೋಡುತ್ತಿದ್ದೆ,
ಆಕಾಶ, ದೋಣಿ, ನಿನ್ನದೇ ಬೂಟು.
"ಒಯ್ಯಿ, ನನಗೀಗ ಬೇಕಿಲ್ಲ" ಎನ್ನುತ್ತಿದ್ದೆ,
ಒಯ್ಯುವವನೇ ನಿನ್ನ ಭಾರ ಇಳಿಸಿದ ಹಾಗೆ.

ಈಗ ಕೊಟ್ಟಿಗೆ ತುಂಬಿದೆ, ಇಲ್ಮಾರ್.
ಗೋಡೆಯ ಮೇಲೆ ಪ್ರತಿ ಸಾಮಾನಿಗೂ
ನೀನು ಪೆನ್ಸಿಲಿನಲ್ಲಿ ಅದರ ನೆರಳು ಬರೆದಿದ್ದೆಯಲ್ಲ,
ನಲವತ್ತಾರು ವರ್ಷದಲ್ಲಿ ಇದೇ ಮೊದಲು
ಎಲ್ಲ ನೆರಳಿಗೂ ಮೈ ಬಂದಿದೆ.
ನೋಡಿ ಖುಷಿಪಡಬೇಕಿತ್ತು.
ಬಾಗಿಲಲ್ಲೇ ನಿಂತೆ, ಒಳಗೆ ಕಾಲಿಡಲಾಗಲಿಲ್ಲ.
ದ್ವೀಪದ ಅಂಗಳ ಅಂಗಳದಲ್ಲೂ ಇದ್ದವನನ್ನು
ಈ ಜನ, ಒಳ್ಳೆಯ ಜನ, ಲೆಕ್ಕ ತಪ್ಪದ ಜನ,
ಒಂದು ಕೊಟ್ಟಿಗೆಯೊಳಗೆ ತಂದು ಮುಗಿಸಿಬಿಟ್ಟರು.

ನಿನ್ನೆ, ಹಳೇ ಶಾಲೆಯನ್ನು ಕೊಂಡವರ ಮಗಳು ಬಂದಳು,
ಹೊಗೆಗೂಡಿನಲ್ಲಿ ಕಾಗೆ ಗೂಡು ಕಟ್ಟಿದೆಯಂತೆ.
ಏಣಿ ಇದೆಯೇ ಎಂದು ಕೇಳಿದಳು.
ನಮ್ಮ ಮರದಲ್ಲಿ ಅರ್ಧ ಸೇಬು ಇನ್ನೂ ಹಾಗೇ ಇತ್ತು,
ಅವಳ ತಲೆಯ ಮೇಲೇ ತೂಗುತ್ತಿತ್ತು, ಕೆಂಪಗೆ.
ನಾನು ಬೇಲಿಯ ಕಡೆ ನೋಡಿದೆ.
"ಒಯ್ಯಿ" ಎಂದೆ, "ನನಗೀಗ ಬೇಕಿಲ್ಲ."
"ಯಾವಾಗ ತಂದುಕೊಡಲಿ?"
ತರಬೇಡ ಎನ್ನಲು ಬಾಯಿ ಬರಲಿಲ್ಲ.
"ನೋಡೋಣ, ಬೇಸಿಗೆ ಬರಲಿ."

ಅವಳು ತಿರುವು ದಾಟುವವರೆಗೆ ಕಾದು
ಕುರ್ಚಿಯ ಮೇಲೆ ಕುರ್ಚಿ ಇಟ್ಟೆ.
ಮೇಲೆ ನಿಂತು, ಮಂಡಿ ನಡುಗುತ್ತ,
ನಿನಗೆ ಬೈದೆ,
ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ.